ಮುಷ್ಕರದ ನೋಟಿಸ್ಸೋ, ಸಂಧಾನವೋ, ನ್ಯಾಯಮಂಡಳಿಯೋ?

ಮೈಸೂರಿನ ಹೂಟಗಳ್ಳಿಯ ವಾಹನ ಬಿಡಿಭಾಗ ಕಾರ್ಖಾನೆಯ ಗೆಳೆಯರು ಕೇಳಿದ್ದರು: ಸಂಬಳದ ಒಪ್ಪಂದ ನಿಂತಿದೆ, ಯಾವ ದಾರಿ ಹಿಡಿಯೋಣ?

ಮೊದಲು ಸಮಯ ನೋಡಿ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ನೋಟಿಸ್ ಕೊಟ್ಟು 14 ದಿನ ಕಾಯಲೇಬೇಕು. ಅಷ್ಟರಲ್ಲಿ ಸರ್ಕಾರದ ಸಂಧಾನ ಅಧಿಕಾರಿ ಎರಡೂ ಕಡೆಯವರ ಸಂಧಾನದ ಸಭೆ ನಡೆಸಿದರೆ, ಅದು ಮುಗಿದು 7 ದಿನದವರೆಗೂ ಮುಷ್ಕರ ಮಾಡುವಂತಿಲ್ಲ. ಅರ್ಧಕ್ಕರ್ಧ ಜನ ಒಟ್ಟಿಗೆ ರಜೆ ಹಾಕಿದರೂ ಮುಷ್ಕರವೇ, ಇದನ್ನು ಮರೆಯಬೇಡಿ. ನೋಟಿಸ್ ಇಲ್ಲದೆ ಸಂಧಾನಕ್ಕೆ ಹೋದರೆ ಅಧಿಕಾರಿಗೆ ಅದನ್ನು ಮುಗಿಸಲು 45 ದಿನದ ಮಿತಿ. ಕಾರ್ಮಿಕ ವ್ಯಾಜ್ಯ ತೀರ್ಮಾನಿಸುವ ನ್ಯಾಯಮಂಡಳಿ ಇನ್ನೂ ನಿಧಾನ.

ಖರ್ಚಿನಲ್ಲಿ ಸಂಧಾನವೇ ಹಗುರ, ಸಂಬಳ ನಿಲ್ಲುವುದಿಲ್ಲ. ಮುಷ್ಕರದಲ್ಲಿ ಮನೆ ಒಲೆಗೇ ಕಷ್ಟ. 2020ರಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ಸರ್ಕಾರ ಮುಷ್ಕರ, ಬೀಗಮುದ್ರೆ (ಕಂಪನಿಯೇ ಕೆಲಸ ನಿಲ್ಲಿಸಿ ಬಾಗಿಲು ಹಾಕುವುದು) ಎರಡನ್ನೂ ನಿಷೇಧಿಸಿತ್ತು. ಆದರೂ ಜಗಳ ತಿಂಗಳುಗಟ್ಟಲೆ ಎಳೆಯಿತು.

ಕಂಪನಿ ಕೋರ್ಟಿಗೆ ಹೋದರೆ ಗೇಟಿನ ಹತ್ತಿರ ಗುಂಪು ಸೇರದಂತೆ ತಡೆ ತರಬಹುದು. ಆಗ ಕ್ರಮಬದ್ಧ ನೋಟಿಸ್ ಕೈಯಲ್ಲಿರುವುದು ಒಳ್ಳೆಯದು.

ಒಬ್ಬರ ವಜಾ ಪ್ರಶ್ನೆಯಾದರೆ ಸಂಧಾನದ ನಂತರ ನ್ಯಾಯಮಂಡಳಿ. ಮಾತುಕತೆ ಇನ್ನೂ ಜೀವಂತ ಇದ್ದರೆ ಸಂಧಾನ. ಆಡಳಿತ ಮೇಜಿಗೇ ಬಾರದಿದ್ದರೆ, ಒಗ್ಗಟ್ಟೂ ಉಳಿತಾಯವೂ ಇದ್ದರೆ, ನೋಟಿಸ್ ಕೊಡಿ.