ಭೀಮಾ ದಂಡೆಯ ಮರಳಿಗೆ ಎರಡು ಹಲಗೆ, ಒಂದು ಗಾಳಿ ಪಂಪು

ಮೊದಲೇ ಹೇಳಿಬಿಡುತ್ತೇನೆ, ಮರಳಲ್ಲಿ ಹೂತ ಗಾಡಿಯನ್ನು ಹೊರತೆಗೆಯಲು ತರಿಸಿದ ಈ ಸೆಟ್‌ನಲ್ಲಿ ಕೊಟ್ಟ ದುಡ್ಡಿಗೆ ಸರಿಯಾಗಿ ದುಡಿದದ್ದು ಹಲಗೆ ಅಲ್ಲ, ಜೊತೆಗೆ ಬಂದ ಗಾಳಿ ಪಂಪು ಮತ್ತು ಟೈರಿನ ಗಾಳಿ ಅಳೆಯುವ ಗೇಜು.

ನಮ್ಮ ಹೊಲ ಯಾದಗಿರಿ ಜಿಲ್ಲೆಯಲ್ಲಿ, ವಡಗೇರಾ ಕಡೆ, ಭೀಮಾ ದಂಡೆಯ ಮೇಲಿದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆಲ್ಲ ಮೋಟಾರು, ಪೈಪು ಹೇರಿಕೊಂಡು ನಾವೂ ಕೆಳಗೆ ಇಳಿಯಬೇಕು. ನಡುವೆ ಸುಮಾರು 150 ಮೀಟರ್ ಬರೀ ಮರಳು, ಸುತ್ತ ಜಾಲಿ, ಕೂಗಿದರೂ ಯಾರಿಗೂ ಕೇಳುವುದಿಲ್ಲ. ನಮ್ಮದು ಬೊಲೆರೊ, ಎಳೆತ ಹಿಂದಿನ ಚಕ್ರಕ್ಕೆ ಮಾತ್ರ. ಹೋದ ಬೇಸಿಗೆಯಲ್ಲಿ ಹೂತುಕೊಂಡಾಗ ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದೆ, ಚಕ್ರ ಗರಗರ ತಿರುಗಿ ತಾನೇ ಗುಂಡಿ ತೋಡಿತು, ಗಾಡಿಯ ಹೊಟ್ಟೆ ಮರಳಿಗೆ ಕೂತಿತು, ಊರಿಂದ ಟ್ರ್ಯಾಕ್ಟರ್ ಬಂದು ಎಳೆಯುವಷ್ಟರಲ್ಲಿ ಸಂಜೆ.

ಆಮೇಲೆ ಆನ್‌ಲೈನ್‌ನಲ್ಲಿ ಈ ಸೆಟ್ ತರಿಸಿದೆ, 5,400 ರೂಪಾಯಿ. ಒಂದು ಮೀಟರ್ ಉದ್ದದ ಎರಡು ಪ್ಲಾಸ್ಟಿಕ್ ಹಲಗೆ, ಮೇಲೆಲ್ಲ ಹಲ್ಲು ಹಲ್ಲು, ಚಕ್ರಕ್ಕೆ ಹಿಡಿತ ಸಿಗಲಿ ಅಂತ. ಬ್ಯಾಟರಿಗೆ ಕ್ಲಿಪ್ ಹಾಕುವ ಪಂಪು. ಒಂದು ಸಣ್ಣ ಗೇಜು.

ಮೊದಲ ದಿನ ಹಲಗೆ ಇಳಿಸಲು ಹೋದಾಗ ಪಕ್ಕದ ಹೊಲದ ಕಾಕಾ ತಡೆದರು. ಅವರು ಸೇನೆಯಲ್ಲಿದ್ದವರು, ಜೈಸಲ್ಮೇರ್ ಕಡೆ ಥಾರ್ ಮರಳಲ್ಲಿ ಟ್ರಕ್ ಓಡಿಸಿದ ಕೈ. "ಮೊದಲ ಗಾಳಿ ಬಿಡೋ ತಮ್ಮಾ, ಹಲಗಿ ಆಮ್ಯಾಲ" ಅಂದರು. 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದ ಗಾಳಿಯನ್ನು 18ಕ್ಕೆ ಇಳಿಸಿದೆವು. ಗಾಳಿ ಕಮ್ಮಿಯಾದಾಗ ಟೈರು ಅಗಲಕ್ಕಿಂತ ಉದ್ದಕ್ಕೇ ಜಾಸ್ತಿ ಹರಡಿಕೊಳ್ಳುತ್ತದೆ, ಭಾರ ಹಂಚಿಹೋಗುತ್ತದೆ, ಹಾಗಾಗಿ ಚಕ್ರ ಮರಳನ್ನು ಸೀಳುವ ಬದಲು ಅದರ ಮೇಲೇ ಉರುಳುತ್ತದೆ. ನಿಜವಾಗಲೂ ನಂಬಲಿಕ್ಕೆ ಆಗಲಿಲ್ಲ, ಅದೇ ಗಾಡಿ, ಅದೇ ಮರಳು, ಹಲಗೆ ಮುಟ್ಟದೆಯೇ ನೀರಿನವರೆಗೆ ಹೋಗಿ ಬಂತು! 15ಕ್ಕಿಂತ ಕೆಳಗೆ ಮಾತ್ರ ಹೋಗಬೇಡಿ, ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ನಿಲ್ಲಿಸುವಾಗ ಬ್ರೇಕ್ ಒತ್ತದೆ ಗಾಡಿ ತಾನಾಗಿ ನಿಲ್ಲಲಿ. ಒತ್ತಿದರೆ ಚಕ್ರದ ಮುಂದೆ ಮರಳು ಗುಡ್ಡೆಯಾಗಿ, ಮತ್ತೆ ಹೊರಡುವಾಗ ಅದೇ ಅಡ್ಡ.

ಇದೇನು ಹೊಸ ವಿದ್ಯೆಯಲ್ಲ. 1930ರ ಆಸುಪಾಸಿನಲ್ಲೇ ರಾಲ್ಫ್ ಬಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ ಲಿಬಿಯಾ ಮರುಭೂಮಿಯಲ್ಲಿ ಫೋರ್ಡ್ ಕಾರುಗಳನ್ನು ಓಡಿಸಿದ್ದು ಹೀಗೇ, ಟೈರಿನ ಗಾಳಿ ಇಳಿಸಿ, ಹೂತರೆ ಚಕ್ರದ ಕೆಳಗೆ ಉಕ್ಕಿನ ಪಟ್ಟಿ ಕೊಟ್ಟು. ನಮ್ಮ ಪ್ಲಾಸ್ಟಿಕ್ ಹಲಗೆ ಆ ಪಟ್ಟಿಯ ಮೊಮ್ಮಗ ಅನ್ನಿ.

ಹಾಗಂತ ಹಲಗೆ ಸುಮ್ನೆ ಅಲ್ಲ. ಹೇರು ತುಂಬಿಕೊಂಡು ದಂಡೆಯ ಏರು ಹತ್ತುವಾಗ ಎರಡು ಸಲ ಹೂತೆವು, ಎರಡು ಸಲವೂ ಅದೇ ಕಾಪಾಡಿತು. ಆದರೆ ಹಲಗೆಯನ್ನು ಚಕ್ರದ ಮುಂದೆ ಎಸೆದರೆ ಏನೂ ಆಗುವುದಿಲ್ಲ. ಸಲಿಕೆಯಿಂದ ಚಕ್ರದ ಮುಂದಿನ ಮರಳು ಬಗೆದು, ಹೊಟ್ಟೆ ಕೆಳಗಿನದನ್ನೂ ತೆಗೆದು, ಹಲಗೆಯ ತುದಿಯನ್ನು ಟೈರಿನ ಅಡಿಗೆ ಒತ್ತಿ ಕೂರಿಸಿ, ಮೊದಲ ಗೇರಿನಲ್ಲಿ ನಿಧಾನ ಹತ್ತಿಸಬೇಕು. ನನ್ನ ತಮ್ಮ ಒಂದು ಸಲ ಅವಸರ ಮಾಡಿದ, ಚಕ್ರ ಹಲಗೆಯ ಮೇಲೇ ತಿರುಗಿತು, ಒಂದೇ ಕ್ಷಣಕ್ಕೆ ಎಂಟು ಹತ್ತು ಹಲ್ಲು ಕರಗಿ ನುಣ್ಣಗಾದವು. ಈ ಬೆಲೆಗೆ ಹಲ್ಲು ಇನ್ನಷ್ಟು ಗಟ್ಟಿ ಇರಬೇಕಿತ್ತು, ಅಲ್ವಾ? ಇನ್ನೊಂದು, ಗಾಡಿ ಓಡುವಾಗ ಹಿಂದೆ ಯಾರೂ ನಿಲ್ಲಬಾರದು, ಹಲಗೆ ಹಾರಿ ಬರುತ್ತದೆ.

ಎರೆ ಮಣ್ಣಿಗೆ ಇದನ್ನು ನಂಬಿ ತರಿಸಬೇಡಿ. ಮಳೆ ಬಿದ್ದ ಮೇಲೆ ನಮ್ಮ ತೊಗರಿ ಹೊಲದಲ್ಲಿ ಹಾಕಿ ನೋಡಿದೆ, ಹಲ್ಲಿನ ಸಂದಿಯೆಲ್ಲ ಅಂಟು ಮಣ್ಣು ತುಂಬಿ ಹಲಗೆ ಸಾಬೂನಿನ ಹಾಗೆ ಜಾರಿತು.

ಪಂಪಿನ ಬಗ್ಗೆ ದೂರಿಲ್ಲ. ಡಾಂಬರು ರಸ್ತೆಗೆ ಹತ್ತುವ ಮುಂಚೆ ಗಾಳಿ ಮತ್ತೆ ತುಂಬಲೇಬೇಕು, ಇಲ್ಲದಿದ್ದರೆ ಟೈರು ಬಿಸಿಯಾಗಿ ಹಾಳಾಗುತ್ತದೆ. ನಾಲ್ಕು ಟೈರಿಗೂ ಸೇರಿ ಅರ್ಧ ಗಂಟೆ ಹಿಡಿಯುತ್ತದೆ, ಎಂಜಿನ್ ಚಾಲೂ ಇಟ್ಟೇ ತುಂಬಿ. ಸದ್ಯ ದುಡ್ಡು ಕಮ್ಮಿ ಇದ್ದರೆ ಪಂಪು, ಗೇಜು, ಒಂದು ಸಲಿಕೆ ಮಾತ್ರ ಕೊಳ್ಳಿ. ಹಲಗೆ ಕೊಂಡರೆ ಮೊದಲು ಎರಡಕ್ಕೂ ಒಂದೊಂದು ಮಾರು ಕೆಂಪು ಹಗ್ಗ ಕಟ್ಟಿ, ಕಂಪನಿಯವರು ಕೊಡುವುದಿಲ್ಲ. ಗಾಡಿ ದಾಟಿದ ಮೇಲೆ ಹಲಗೆ ಮರಳೊಳಗೆ ಮುಚ್ಚಿಹೋಗುತ್ತದೆ, ನಾವು ಒಂದನ್ನು ಹುಡುಕಲು ಅರ್ಧ ತಾಸು ಅಗೆದಿದ್ದೇವೆ.