ಸ್ಪೋರ್ಟ್‌ಸ್ಟರ್ 1200, ಶ್ಯಾಡೋ 1100: ಎರಡನ್ನೂ ಬಿಚ್ಚಿ ನೋಡಿದಾಗ

ಹಾರ್ಲೆ-ಡೇವಿಡ್‌ಸನ್ ಸ್ಪೋರ್ಟ್‌ಸ್ಟರ್ 1200 ಮತ್ತು ಹೋಂಡಾ ಶ್ಯಾಡೋ 1100, ಈ ಎರಡು ಬೈಕುಗಳದ್ದೂ 45 ಡಿಗ್ರಿಯ ವಿ-ಟ್ವಿನ್ ಎಂಜಿನ್, ಅಂದರೆ ಎರಡು ಸಿಲಿಂಡರ್ ವಿ ಆಕಾರದಲ್ಲಿ ನಿಂತದ್ದು. ದೂರದಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಸವಾರರ ಗುಂಪಿನಲ್ಲಿ ಮಾತ್ರ ಇವೆರಡರ ಹೆಸರು ಎತ್ತಿದರೆ ಸಾಕು, ವಾದ ಶುರು. ಒಬ್ಬರಿಗೆ ಹಾರ್ಲೆ ಎಂದರೆ ಎಣ್ಣೆ ಸೋರುವ ಹಳೇ ಕಬ್ಬಿಣ, ಇನ್ನೊಬ್ಬರಿಗೆ ಹೋಂಡಾ ಎಂದರೆ ಜೀವವಿಲ್ಲದ ಯಂತ್ರ. ಎರಡೂ ಮಾತು ಅನ್ಯಾಯದ್ದೇ. ಶ್ಯಾಡೋ 1100 ತಯಾರಿಕೆ 2007ಕ್ಕೆ ಮುಗಿಯಿತು, ಗಾಳಿಯಿಂದ ತಣಿಯುವ ಹಳೆಯ ಸ್ಪೋರ್ಟ್‌ಸ್ಟರ್ 2022ಕ್ಕೆ. ಇವತ್ತು ಯಾವುದನ್ನು ಕೊಂಡರೂ ಸೆಕೆಂಡ್ ಹ್ಯಾಂಡೇ. ಹಾಗಾಗಿ ಇವುಗಳ ವಿಮರ್ಶೆ ಎಂದರೆ ಹತ್ತು ಇಪ್ಪತ್ತು ವರ್ಷ ಓಡಿದ ಮೇಲೆ ಏನು ಸವೆದಿರುತ್ತದೆ, ಅದನ್ನು ಸರಿಪಡಿಸಲು ಎಷ್ಟು ಬಿಚ್ಚಬೇಕು ಎಂಬ ಲೆಕ್ಕ. ಹಾರ್ಲೆ ಪದೇಪದೇ ಸಣ್ಣ ಕೆಲಸ ಕೇಳುತ್ತದೆ, ಆದರೆ ಅದೆಲ್ಲ ಕೈಗೆಟುಕುವ ಕೆಲಸ. ಹೋಂಡಾ ಬಹಳ ಕಾಲ ಏನೂ ಕೇಳದೆ ಓಡುತ್ತದೆ. ಆ ಮೌನವನ್ನು ನಂಬಿ ಕೂತವರಿಗೇ ಅದು ಪೆಟ್ಟು ಕೊಡುವುದು.

ಮೊದಲು ಸದ್ದಿನ ವಿಷಯ, ಜಗಳದ ಅರ್ಧ ಭಾಗ ಅಲ್ಲೇ ಇದೆ. ಸ್ಪೋರ್ಟ್‌ಸ್ಟರ್‌ನಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಎರಡೂ ಕನೆಕ್ಟಿಂಗ್ ರಾಡ್ ಒಂದೇ ಕ್ರ್ಯಾಂಕ್ ಪಿನ್ ಮೇಲೆ ಕೂತಿವೆ. ಆದ್ದರಿಂದ ಒಂದು ಸಿಲಿಂಡರ್ ಸಿಡಿದ ಮೇಲೆ ಇನ್ನೊಂದು ಕ್ರ್ಯಾಂಕ್ 315 ಡಿಗ್ರಿ ತಿರುಗಿದಾಗ ಸಿಡಿಯುತ್ತದೆ, ಮುಂದಿನದು 405 ಡಿಗ್ರಿಗೆ. ಆ ಏರುಪೇರೇ ನಿಂತಲ್ಲಿ ಕುಂಟುವ ಆ ಲಯ. ಜೊತೆಗೆ ಕಂಪನವೂ ಬರುತ್ತದೆ. 2003ರ ತನಕ ಎಂಜಿನ್ ನೇರವಾಗಿ ಚೌಕಟ್ಟಿಗೆ ಬೋಲ್ಟ್ ಆಗಿತ್ತು, 2004ರಿಂದ ರಬ್ಬರ್ ಮೇಲೆ ಕೂರಿಸಿದರು. ತೂಕ ಹೆಚ್ಚಿತು, ಆದರೆ ಒಂದು ಗಂಟೆ ಓಡಿಸಿದ ಮೇಲೆ ಅಂಗೈ ಜೋಮು ಹಿಡಿಯುವುದು ತಪ್ಪಿತು. ಉದ್ದ ದಾರಿ ಓಡಿಸುವವರು 2004ರ ನಂತರದ್ದನ್ನೇ ಹುಡುಕಿ. ಹೋಂಡಾ ಶ್ಯಾಡೋದಲ್ಲಿ ಎರಡು ಪಿನ್‌ಗಳನ್ನು ಒಂದಕ್ಕೊಂದು ಓರೆಯಾಗಿ ಇಟ್ಟು ಕಂಪನವನ್ನು ಹುಟ್ಟುವ ಜಾಗದಲ್ಲೇ ಕಡಿಮೆ ಮಾಡಿತು. ಅಚ್ಚುಕಟ್ಟಾದ ಎಂಜಿನಿಯರಿಂಗ್ ಅದು. ಆದರೂ ಕೊಳ್ಳುವವರು ಕೇಳಿದ್ದು ಆ ಕುಂಟು ಲಯವನ್ನೇ. ಕೊನೆಗೆ 1995ರ ಶ್ಯಾಡೋ ಎ.ಸಿ.ಇ. (ಅಮೆರಿಕನ್ ಕ್ಲಾಸಿಕ್ ಎಡಿಷನ್) ಮಾದರಿಗೆ ಹೋಂಡಾ ಒಂಟಿ ಪಿನ್ನಿನ ಕ್ರ್ಯಾಂಕ್ ಹಾಕಿತು. ಹಾರ್ಲೆ ಕಂಪನಿ 1994ರಲ್ಲಿ ತನ್ನ ಎಂಜಿನ್ನಿನ ಸದ್ದನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿತ್ತು. ಜಪಾನಿನವೂ ಸೇರಿ ಪ್ರತಿಸ್ಪರ್ಧಿ ಕಂಪನಿಗಳು ತಕರಾರು ಎತ್ತಿದವು, 2000ದಲ್ಲಿ ಅರ್ಜಿ ವಾಪಸಾಯಿತು. ಶ್ಯಾಡೋ ಕೊಳ್ಳುವವರಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ನುಣುಪು ಬೇಕಾದರೆ ಓರೆ ಪಿನ್ನಿನದು, ಲಯ ಬೇಕಾದರೆ ಎ.ಸಿ.ಇ. ಯಾವುದಕ್ಕೆ ಯಾವ ಕ್ರ್ಯಾಂಕ್ ಎಂದು ಕೇಳದೆ ಕೊಳ್ಳಬೇಡಿ.

ಈ ಜಗಳದ ಕಹಿಗೆ ಕಾರಣ ಸದ್ದಷ್ಟೇ ಅಲ್ಲ. 1983ರಲ್ಲಿ ಅಮೆರಿಕ ಸರ್ಕಾರ 700 ಸಿಸಿ ಮೀರಿದ ಆಮದು ಬೈಕುಗಳ ಮೇಲೆ, ಇದ್ದ 4.4 ಶೇಕಡಾ ಸುಂಕದ ಜೊತೆಗೆ ಇನ್ನೂ 45 ಶೇಕಡಾ ಹೇರಿತು. ಐದು ವರ್ಷದಲ್ಲಿ ಇಳಿಯುತ್ತಾ ಹೋಗುವ ಸುಂಕ ಅದು. ಹೋಂಡಾ ತನ್ನ 750 ಶ್ಯಾಡೋವನ್ನು ಮರುವರ್ಷವೇ 700 ಮಾಡಿತು. ಹಾರ್ಲೆ ಚೇತರಿಸಿಕೊಂಡು, ಇನ್ನು ಸುಂಕ ಬೇಡ ಎಂದು ಅವಧಿಗೆ ಮೊದಲೇ 1987ರಲ್ಲಿ ತಾನೇ ಹೇಳಿತು. ಅಂದಿನ ಮಾತುಗಳು ಇಂದಿಗೂ ಜನರ ಬಾಯಲ್ಲಿವೆ. ಆದರೆ ಬೈಕಿನ ಬಳಿ ಬಗ್ಗಿ ನೋಡಿ. 2006ರ ತನಕದ ಸ್ಪೋರ್ಟ್‌ಸ್ಟರ್‌ನ ಕಾರ್ಬ್ಯುರೇಟರ್ ಜಪಾನಿನ ಕೈಹಿನ್ ಕಂಪನಿಯದು, ಮುಂದಿನ ಫೋರ್ಕ್ ಜಪಾನಿನದೇ ಆದ ಶೋವಾ. ಇತ್ತ ಶ್ಯಾಡೋ 1100ಗಳ ಪೈಕಿ ಎಷ್ಟೋ ಅಮೆರಿಕದ ಓಹಿಯೋದ ಮೇರಿಸ್ವಿಲ್ ಕಾರ್ಖಾನೆಯಿಂದ ಬಂದವು. ಹ್ಯಾಂಡಲ್ ಕೆಳಗಿನ ಚೌಕಟ್ಟಿನ ಮೇಲೆ ಕೊರೆದ ಚಾಸಿಸ್ ನಂಬರ್ ಓದಿ: 1ರಿಂದ ಶುರುವಾದರೆ ಅಮೆರಿಕದಲ್ಲಿ ತಯಾರಾದದ್ದು, ಇಂಗ್ಲಿಷಿನ ಜೆ ಅಕ್ಷರ ಇದ್ದರೆ ಜಪಾನಿನಲ್ಲಿ. ಟ್ಯಾಂಕಿನ ಮೇಲಿನ ಹೆಸರಿಗಿಂತ ಅದು ಸತ್ಯ ಹೇಳುತ್ತದೆ.

ಈಗ ಸ್ಪೋರ್ಟ್‌ಸ್ಟರ್‌ನ ನಿರ್ವಹಣೆ. ಎಂಜಿನ್ ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ. ಗೇರ್‌ಬಾಕ್ಸ್, ಕ್ಲಚ್, ಎಂಜಿನ್ನಿನಿಂದ ಕ್ಲಚ್ಚಿಗೆ ಬಲ ಸಾಗಿಸುವ ಪ್ರೈಮರಿ ಚೈನ್ ಮೂರಕ್ಕೂ ಸೇರಿ ಇನ್ನೊಂದು ಆಯಿಲ್, ಸುಮಾರು 0.95 ಲೀಟರ್. ಹೊಸಬರು ಮಾಡುವ ದೊಡ್ಡ ತಪ್ಪು ಎಂದರೆ ಎಂಜಿನ್ ತಣ್ಣಗಿರುವಾಗ ಡಿಪ್‌ಸ್ಟಿಕ್ ನೋಡುವುದು. ನಿಲ್ಲಿಸಿಟ್ಟಾಗ ಟ್ಯಾಂಕಿನ ಆಯಿಲ್ ನಿಧಾನವಾಗಿ ಕ್ರ್ಯಾಂಕ್‌ಕೇಸಿಗೆ ಇಳಿದಿರುತ್ತದೆ. ಕಡಿಮೆ ಕಂಡಿತೆಂದು ಮೇಲೆ ಸುರಿದರೆ ಓಡುವಾಗ ಅದು ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ದಾರಿಯಲ್ಲಿ ಏರ್ ಫಿಲ್ಟರ್‌ಗೆ ಬಂದು ಹೊರಗೆ ಸೋರುತ್ತದೆ. 'ಹಾರ್ಲೆ ಆಯಿಲ್ ಸೋರುತ್ತದೆ' ಎಂಬ ದೂರುಗಳಲ್ಲಿ ಎಷ್ಟೋ ಇದೇ. ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿ, ಆಮೇಲೆ ನೋಡಿ. ನಿಜವಾದ ಸೋರಿಕೆ ಬೇರೆ, ಅದು ತಲೆಯ ಮೇಲಿನ ರಾಕರ್ ಬಾಕ್ಸ್ ಗ್ಯಾಸ್ಕೆಟ್‌ನದು. ಸಿಲಿಂಡರಿನ ರೆಕ್ಕೆಗಳ ಮೇಲೆ ಧೂಳು ಕಪ್ಪಾಗಿ ಅಂಟಿಕೊಂಡಿದ್ದರೆ ಅಲ್ಲಿಂದಲೇ. ಗ್ಯಾಸ್ಕೆಟ್ ಬದಲಿಸಲು ಎಂಜಿನ್ ಇಳಿಸಬೇಕಿಲ್ಲ, ಟ್ಯಾಂಕ್ ತೆಗೆದು ಮೇಲಿನಿಂದಲೇ ಮಾಡಬಹುದು.

ಪ್ರೈಮರಿ ಚೈನಿನ ಸಡಿಲವನ್ನು ಕೈಯಾರೆ ಹೊಂದಿಸಬೇಕು. ಮುಚ್ಚಳದ ಮೇಲಿನ ಕಿಂಡಿ ತೆಗೆದು ಬೆರಳಲ್ಲಿ ಚೈನನ್ನು ಮೇಲೆ ಕೆಳಗೆ ಆಡಿಸಿ: ಎಂಜಿನ್ ತಣ್ಣಗಿದ್ದರೆ 9.5ರಿಂದ 12.7 ಮಿ.ಮೀ., ಬಿಸಿಯಿದ್ದರೆ 6.4ರಿಂದ 9.5 ಮಿ.ಮೀ. ಆಟ ಇರಬೇಕು. ಚೈನ್ ಒಂದೇ ಸಮ ಸವೆಯುವುದಿಲ್ಲ. ಹಿಂಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ, ಅತಿ ಬಿಗಿಯಾದ ಜಾಗಕ್ಕೆ ಅಳತೆ ಹೊಂದಿಸಿ. ಸಡಿಲವಾದದ್ದು ಲಟಲಟ ಎಂದು ತಾನೇ ಹೇಳಿಕೊಳ್ಳುತ್ತದೆ. ಬಿಗಿಯಾದದ್ದು ಸದ್ದು ಮಾಡದೆ ಬೇರಿಂಗ್ ತಿನ್ನುತ್ತದೆ. ಅದಕ್ಕೇ ಬಿಗಿ ಮಾಡಿದ್ದು ಹೆಚ್ಚು ಅಪಾಯ.

ಕ್ಲಚ್ ಎಳೆದರೂ ಗೇರ್ ಗಡಸಾಗಿ ಬೀಳುತ್ತಿದ್ದರೆ ಮೊದಲು ಕೇಬಲ್ ಪೂರ್ತಿ ಸಡಿಲಿಸಿ, ಕ್ಲಚ್ ಮುಚ್ಚಳ ತೆಗೆದು ನಡುವಿನ ಸ್ಕ್ರೂವನ್ನು ತಡೆ ಸಿಗುವ ತನಕ ತಿರುಗಿಸಿ, ಅಲ್ಲಿಂದ ಕಾಲು ಸುತ್ತು ಹಿಂದಕ್ಕೆ ಬನ್ನಿ. ಆಮೇಲೆ ಲಿವರ್ ಬುಡದಲ್ಲಿ 1.6ರಿಂದ 3.2 ಮಿ.ಮೀ. ಆಟ ಬಿಟ್ಟು ಕೇಬಲ್ ಹೊಂದಿಸಿ. ಹೀಗೆ ಮಾಡಿಯೂ ಸರಿಹೋಗದಿದ್ದರೆ, ಅಥವಾ ಬಸಿದ ಆಯಿಲಿನಲ್ಲಿ ಪುಟ್ಟ ಲೋಹದ ಗುಂಡಿಯಂಥ ಚೂರು ಸಿಕ್ಕಿದರೆ, ಕ್ಲಚ್ ಪ್ಲೇಟುಗಳ ನಡುವೆ ಇರುವ ರಿವೆಟ್ ಹೊಡೆದ ಸ್ಪ್ರಿಂಗ್ ಪ್ಲೇಟ್ ಮುರಿದಿರುವ ಸಾಧ್ಯತೆ ಹೆಚ್ಚು. ಐದು ಗೇರಿನ ಸ್ಪೋರ್ಟ್‌ಸ್ಟರ್‌ನ ಹೆಸರಾಂತ ದೌರ್ಬಲ್ಯ ಅದು. ಅದನ್ನು ತೆಗೆದು ಆ ಜಾಗಕ್ಕೆ ಮಾಮೂಲಿ ಪ್ಲೇಟ್‌ಗಳು ಕೂರುವ ಸೆಟ್ ಹಾಕಿಸಿದರೆ ಮತ್ತೆ ಆ ಚಿಂತೆಯಿಲ್ಲ. ಕೊಳ್ಳುವಾಗ ಮಾಲೀಕರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಒಳ್ಳೆಯ ಸುದ್ದಿಯೂ ಇದೆ. ಹೈಡ್ರಾಲಿಕ್ ಲಿಫ್ಟರ್ ಇರುವುದರಿಂದ ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವ್‌ಗಳ ಸಂದು ಹೊಂದಿಸುವ ಕೆಲಸ ಇಲ್ಲ. ರೇಡಿಯೇಟರ್ ಇಲ್ಲ. ಹಿಂಚಕ್ರ ತಿರುಗಿಸುವ ಬೆಲ್ಟಿಗೆ ಎಣ್ಣೆ ಬಿಡುವ ಕೆಲಸವಿಲ್ಲ, ಹಲ್ಲುಗಳ ನಡುವೆ ಕಲ್ಲು ಸಿಕ್ಕಿ ತೂತು ಬಿದ್ದಿದೆಯೇ ಎಂದು ಟಾರ್ಚ್ ಹಿಡಿದು ನೋಡಿದರೆ ಸಾಕು.

ಶ್ಯಾಡೋ 1100 ವಿಷಯದಲ್ಲಿ ಒಂದು ತಪ್ಪು ನಂಬಿಕೆ ಬಿಡಬೇಕು. ಜಪಾನಿ ಬೈಕು ಎಂದರೆ ಟ್ಯಾಪೆಟ್ ಖರ್ಚು ಎನ್ನುತ್ತಾರೆ. ಇದರಲ್ಲೂ ವಾಲ್ವ್ ಹೊಂದಾಣಿಕೆ ಹೈಡ್ರಾಲಿಕ್ಕೇ, ಅದನ್ನು ಮುಟ್ಟುವ ಕೆಲಸವೇ ಇಲ್ಲ. 1099 ಸಿಸಿ, ಸಿಲಿಂಡರಿಗೆ ಮೂರು ವಾಲ್ವ್, ಎರಡೆರಡು ಪ್ಲಗ್, ನೀರಿನ ತಣಿವು, ಶಾಫ್ಟ್ ಡ್ರೈವ್ (ಹಿಂಚಕ್ರಕ್ಕೆ ಚೈನ್ ಬದಲು ತಿರುಗುವ ದಂಡ). ಕಾಗದದ ಮೇಲೆ ಸ್ಪೋರ್ಟ್‌ಸ್ಟರ್‌ಗಿಂತ ಕಡಿಮೆ ಕೆಲಸದ ಬೈಕು, ರಸ್ತೆಯಲ್ಲೂ ಹಾಗೆಯೇ.

ಆದರೆ ಶಾಫ್ಟ್ ಇದೆ ಎಂದು ಮರೆತೇಬಿಡುವವರು ಹೆಚ್ಚು. ಹಿಂದಿನ ಟೈರ್ ಬದಲಿಸಲು ಚಕ್ರ ಕಳಚಿದಾಗ ಎಡಗಡೆ ಹಲ್ಲಿನ ಬಳೆಯಂಥ ಒಂದು ಭಾಗ ಕಾಣುತ್ತದೆ, ಅದೇ ಸ್ಪ್ಲೈನ್. ಅದರ ಹಲ್ಲಿನ ತುದಿ ಚಪ್ಪಟೆಯಾಗಿ, ಬೂದುಬಣ್ಣದ ಗ್ರೀಸ್ ಮೆತ್ತಿಕೊಂಡಿದ್ದರೆ ಎಲ್ಲ ಸರಿ. ತುದಿ ಗರಗಸದ ಹಾಗೆ ಮೊನಚಾಗಿ, ಬೆರಳಿಗೆ ಕೆಂಪು ಪುಡಿ ಹತ್ತಿದರೆ ಗ್ರೀಸ್ ಒಣಗಿ ಲೋಹ ಲೋಹವನ್ನು ತಿಂದಿದೆ. ಆ ಕೆಂಪು ಪುಡಿ ಮಣ್ಣಲ್ಲ, ತುಕ್ಕಾದ ಉಕ್ಕು. ಒಂದು ದಿನ ಹಲ್ಲು ಪೂರ್ತಿ ಸವೆದು, ಎಂಜಿನ್ ಗೇರಿನಲ್ಲಿದ್ದರೂ ಬೈಕು ನಿಂತುಬಿಡುತ್ತದೆ. ಪ್ರತಿ ಸಲ ಚಕ್ರ ಬಿಚ್ಚಿದಾಗಲೂ ಹಳೆಯದನ್ನು ಒರೆಸಿ, ಮಾಲಿಬ್ಡಿನಮ್ ಹೆಚ್ಚಿರುವ ಪೇಸ್ಟ್ ಹಚ್ಚಿ, ಒ-ರಿಂಗ್ ಹೊಸದು ಹಾಕಿ. ಮಾಮೂಲಿ ಚಕ್ರದ ಗ್ರೀಸ್ ಅಲ್ಲಿ ನಿಲ್ಲುವುದಿಲ್ಲ, ಸುತ್ತಿನ ರಭಸಕ್ಕೆ ಹೊರಗೆ ಎರಚಿಹೋಗುತ್ತದೆ. ಟೈರ್ ಅಂಗಡಿಯವರು ಇದನ್ನು ತಾವಾಗಿ ಮಾಡುತ್ತಾರೆಂದು ನಂಬಬೇಡಿ, ಪಕ್ಕದಲ್ಲಿ ನಿಂತು ಮಾಡಿಸಿ.

ಎರಡನೆಯದು ಚಾರ್ಜಿಂಗ್. ಮಲ್ಟಿಮೀಟರ್ ಇದ್ದರೆ ಹತ್ತು ನಿಮಿಷದ ಪರೀಕ್ಷೆ. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ತೋರಬೇಕು, ಎಂಜಿನ್ ಸುಮಾರು 5000 ಸುತ್ತಿನಲ್ಲಿರುವಾಗ 14 ದಾಟಬೇಕು, 15 ಮೀರಬಾರದು. ಮೀರಿದರೆ ರೆಗ್ಯುಲೇಟರ್ ಹೋಗಿದೆ. 13ರ ಕೆಳಗೇ ನಿಂತರೆ ಎಂಜಿನ್ನಿನಲ್ಲಿ ವಿದ್ಯುತ್ ಹುಟ್ಟಿಸುವ ತಂತಿ ಸುರುಳಿಯಾದ ಸ್ಟೇಟರ್‌ನಿಂದ ಬರುವ ಮೂರು ಹಳದಿ ತಂತಿಯ ಕನೆಕ್ಟರ್ ಬಿಚ್ಚಿ. ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದರೆ ಅಲ್ಲೇ ರೋಗ: ಸಡಿಲ ಪಿನ್ ಬಿಸಿಯಾಗುತ್ತದೆ, ಬಿಸಿಗೆ ಇನ್ನಷ್ಟು ಸಡಿಲವಾಗುತ್ತದೆ. ಕನೆಕ್ಟರ್ ಸರಿಯಿದ್ದರೆ ಎಂಜಿನ್ ಓಡುವಾಗ ಮೀಟರಿನ ಮೊನೆಗಳನ್ನು ಎರಡೆರಡು ತಂತಿಗೆ ತಾಗಿಸಿ ಎ.ಸಿ. ವೋಲ್ಟ್ ನೋಡಿ, ಮೂರು ಜೋಡಿಯೂ ಒಂದೇ ಸಮ ಇರಬೇಕು. ನಿಲ್ಲಿಸಿದ ಮೇಲೆ ಯಾವ ಹಳದಿ ತಂತಿಗೂ ಚೌಕಟ್ಟಿಗೂ ಸಂಪರ್ಕ ಇರಬಾರದು, ಇದ್ದರೆ ಸ್ಟೇಟರ್ ಸುಟ್ಟಿದೆ. ಇಷ್ಟು ನೋಡದೆ ಬರೀ ಬ್ಯಾಟರಿ ಬದಲಿಸುತ್ತಾ ಹೋಗುವುದು ದುಡ್ಡು ದಂಡ.

ಕಾರ್ಬ್ಯುರೇಟರ್ ಎರಡು, ಎರಡೂ ವಿ ನಡುವೆ ಇಕ್ಕಟ್ಟಿನಲ್ಲಿವೆ. ತಿಂಗಳುಗಟ್ಟಲೆ ನಿಂತ ಬೈಕಿನಲ್ಲಿ ಪೆಟ್ರೋಲ್ ಅಂಟಾಗಿ, ನಿಧಾನ ಓಟಕ್ಕೆ ಪೆಟ್ರೋಲ್ ಕೊಡುವ, ಕೂದಲೆಳೆಯಷ್ಟು ಸಣ್ಣ ತೂತಿನ ಪೈಲಟ್ ಜೆಟ್ ಮುಚ್ಚಿಕೊಳ್ಳುತ್ತದೆ. ಚೋಕ್ ಎಳೆದಾಗ ಮಾತ್ರ ಓಡಿ, ಬಿಟ್ಟೊಡನೆ ಆರುತ್ತಿದ್ದರೆ ಕಾರಣ ಅದೇ. ನಿಲ್ಲಿಸಿಡುವ ಮೊದಲು ಫ್ಲೋಟ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಬಸಿದುಬಿಡುವುದು ಐದು ನಿಮಿಷದ ಕೆಲಸ. ಕಾರ್ಬ್ಯುರೇಟರ್ ಇಳಿಸಿ ತೊಳೆಯುವುದಕ್ಕೆ ಒಂದು ದಿನ ಬೇಕು. ನೀರಿನ ಪಂಪಿನ ಅಡಿ ಒಂದು ಸಣ್ಣ ತೂತಿದೆ, ಅದನ್ನೂ ನೋಡಿ. ಅಲ್ಲಿಂದ ಕೂಲೆಂಟ್ ತೊಟ್ಟಿಕ್ಕಿದರೆ ನೀರಿನ ಕಡೆಯ ಸೀಲ್ ಹೋಗಿದೆ, ಆಯಿಲ್ ತೊಟ್ಟಿಕ್ಕಿದರೆ ಎಂಜಿನ್ ಕಡೆಯದು. ಸೋರುತ್ತಿದೆ ಎಂದು ಆ ತೂತನ್ನು ಮುಚ್ಚಬಾರದು. ಎಚ್ಚರಿಕೆ ಕೊಡಲೆಂದೇ ಅದನ್ನು ಇಟ್ಟಿರುವುದು.

ಉಪಕರಣದ ಬಗ್ಗೆ ಒಂದು ಮಾತು, ಏಕೆಂದರೆ ಹಾಳಾಗುವುದು ಇಲ್ಲೇ ಹೆಚ್ಚು. ಹಾರ್ಲೆಗೆ ಇಂಚಿನ ಅಳತೆಯ ಸ್ಪ್ಯಾನರ್ ಮತ್ತು ಟಾರ್ಕ್ಸ್ ಬಿಟ್‌ಗಳು ಬೇಕು, ಕ್ಲಚ್ ಮುಚ್ಚಳಕ್ಕೆ ಟಿ-27. 13 ಮಿ.ಮೀ. ಸ್ಪ್ಯಾನರ್ ಅರ್ಧ ಇಂಚಿಗೆ ಕೂತಂತೆ ಕಾಣುತ್ತದೆ, ಬಲ ಹಾಕಿದಾಗ ಮೂಲೆ ಉರುಟಾಗುತ್ತದೆ. ಹೋಂಡಾದ ಪ್ಲಸ್ ಸ್ಕ್ರೂಗಳು ಫಿಲಿಪ್ಸ್ ಅಲ್ಲ, ಜಪಾನಿನ ಜಿಸ್ ಮಾನದ್ದು. ಎಷ್ಟೋ ಸ್ಕ್ರೂಗಳ ತಲೆಯ ಮೇಲೆ ಒಂದು ಚುಕ್ಕಿ ಇರುತ್ತದೆ. ಫಿಲಿಪ್ಸ್ ಹಾಕಿದರೆ ಜಾರಿ ತಲೆ ಕೆತ್ತಿಹೋಗುತ್ತದೆ. ಜಿಸ್ ಸ್ಕ್ರೂಡ್ರೈವರ್ ಒಂದು ಇಟ್ಟುಕೊಳ್ಳಿ. ಶ್ಯಾಡೋದಲ್ಲಿ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ, ಆದ್ದರಿಂದ ಜಾಸೊ ಎಂ.ಎ. ಗುರುತಿನ ಆಯಿಲ್ ಮಾತ್ರ. ಇಂಧನ ಉಳಿಸುವ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ.

ಬಿಡಿಭಾಗದಲ್ಲಿ ಹಾರ್ಲೆ ಗೆಲ್ಲುತ್ತದೆ, ಇದರಲ್ಲಿ ಎರಡು ಮಾತಿಲ್ಲ. ಈ ಎಂಜಿನ್ 1986ರಿಂದ 2022ರ ತನಕ ಮೂಲ ವಿನ್ಯಾಸ ಬದಲಾಗದೆ ಬಂತು. ಕಂಪನಿ ಕೊಡದಿದ್ದರೂ ಹೊರಗಿನ ತಯಾರಕರು ಎಲ್ಲ ಮಾಡುತ್ತಾರೆ. 883 ಸಿಸಿಯ ಚಿಕ್ಕ ಸ್ಪೋರ್ಟ್‌ಸ್ಟರ್ ಮತ್ತು 1200 ಎರಡರ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಒಂದೇ, 96.8 ಮಿ.ಮೀ.; ಬೋರ್ (ಸಿಲಿಂಡರಿನ ಅಗಲ) ಮಾತ್ರ ಬೇರೆ. 883 ಕೊಂಡು ಮುಂದೆ 1200 ಮಾಡಿಸುವುದು ಅದಕ್ಕೇ ಸುಲಭ. ಶ್ಯಾಡೋಗೆ ಬ್ರೇಕ್ ಪ್ಯಾಡ್, ಸೀಲ್, ಫಿಲ್ಟರ್ ಸಿಗುತ್ತವೆ. ಆದರೆ ಆ ಮಾದರಿಗಷ್ಟೇ ಮಾಡಿದ ಪಕ್ಕದ ಮುಚ್ಚಳ, ವೈರಿಂಗ್, ಸ್ವಿಚ್ಚುಗಳಿಗೆ ಹಳೆ ಬೈಕು ಬಿಚ್ಚಿ ಮಾರುವವರ ಬಳಿಗೇ ಹೋಗಬೇಕಾಗುತ್ತದೆ.

ಇದಕ್ಕಿಂತ ದೊಡ್ಡದು ಬೇಕೆನ್ನುವವರಿಗೆ: 1999ರಿಂದ 2006ರ ತನಕದ ಹಾರ್ಲೆ ಟ್ವಿನ್ ಕ್ಯಾಮ್ ಎಂಜಿನ್ನಿನಲ್ಲಿ, ಕ್ಯಾಮ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಶನರ್‌ನ ಪ್ಲಾಸ್ಟಿಕ್ ಪಾದ ಸವೆದು ಚೂರುಗಳು ಆಯಿಲ್ ಪಂಪಿಗೆ ಸೇರುತ್ತವೆ. ಅದನ್ನು ಬದಲಿಸಿದ ರಸೀದಿ ಇಲ್ಲದ ಬೈಕು ಬೇಡ. ಯಮಹಾ ವಿ-ಸ್ಟಾರ್ 1100 ಒಳ್ಳೆಯ ಬೈಕು, ಸ್ಟಾರ್ಟರ್ ಒತ್ತಿದಾಗ ಕರಕರ ಸದ್ದು ಬಂದರೆ ಮಾತ್ರ ಸ್ಟಾರ್ಟರ್ ಕ್ಲಚ್ ಖರ್ಚು ಬೆಲೆಯಲ್ಲಿ ಕಳೆಯಿರಿ.

ವಾರಾಂತ್ಯಕ್ಕೆ ಒಂದೆರಡು ಗಂಟೆ ಸ್ಪ್ಯಾನರ್ ಹಿಡಿಯಲು ಇಷ್ಟವಿರುವವರಿಗೆ 2004ರ ನಂತರದ ಸ್ಪೋರ್ಟ್‌ಸ್ಟರ್ 1200. ದಿನವೂ ದೂರ ಓಡಿಸಿ, ಬೈಕು ಮುಟ್ಟಲು ಸಮಯವೇ ಇಲ್ಲದವರಿಗೆ ಶ್ಯಾಡೋ 1100, ಸ್ಪ್ಲೈನ್ ನೋಡಿದ ಮೇಲೆ. ಯಾವುದನ್ನು ನೋಡಲು ಹೋದರೂ ಎಂಜಿನ್ ಬಿಸಿ ಮಾಡಿಡಬೇಡಿ ಎಂದು ಮೊದಲೇ ಹೇಳಿ ಹೋಗಿ, ತಲುಪಿದ ಕೂಡಲೇ ಸಿಲಿಂಡರ್ ಮುಟ್ಟಿ ನೋಡಿ. ಬಿಸಿಯಿದ್ದರೆ ತಣಿಯುವ ತನಕ ಕಾಯಿರಿ, ಆಮೇಲೆ ಸ್ಟಾರ್ಟ್ ಮಾಡಿಸಿ.