ಸ್ಕ್ರೂ ಕಂಪ್ರೆಸರ್‌ಗೆ ಎಂಜಿನ್ ಆಯಿಲ್ ಹಾಕಿಸಬೇಡಿ, ನಮ್ಮ ಏರ್ ಎಂಡ್ ಹೋಯ್ತು

ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಮಷೀನ್ ಶಾಪ್ ಇದೆ. 3 ಸಿಎನ್‌ಸಿ ಲೇತ್, ಅವಕ್ಕೆ ಗಾಳಿ ಕೊಡಲು 15 ಎಚ್‌ಪಿ ಸ್ಕ್ರೂ ಕಂಪ್ರೆಸರ್. ಅದರಲ್ಲಿ ಸ್ಕ್ರೂ ಆಕಾರದ ರೋಟರ್‌ಗಳು ತಿರುಗಿ ಗಾಳಿ ಒತ್ತುವ ಭಾಗವೇ ಏರ್ ಎಂಡ್. ಗಾಳಿ ಇಲ್ಲ ಅಂದರೆ ಪ್ರೆಶರ್ ಅಲಾರಂ ಬಂದು ಮೂರೂ ನಿಲ್ಲುತ್ತವೆ. ಹೋದ ಬೇಸಿಗೆಯಲ್ಲಿ 9 ದಿನ ಹಾಗೇ ನಿಂತವು.

ಯಾವಾಗಲೂ ಸರ್ವಿಸ್ ಮಾಡುವವರು ಊರಿಗೆ ಹೋಗಿದ್ದರು. ಬೇರೆ ಒಬ್ಬರನ್ನು ಕರೆಸಿದೆ. "ಆಯಿಲ್ ಎಲ್ಲಾ ಒಂದೇ ಸಾರ್, ಕಂಪ್ರೆಸರ್ ಆಯಿಲ್ ಅಂತ ಹೆಸರಿಟ್ಟು ಸುಮ್ನೆ ಜಾಸ್ತಿ ದುಡ್ಡು ತಗೊಳ್ತಾರೆ" ಅಂದರು. ನಾನೂ ಒಪ್ಪಿಕೊಂಡೆ. ಅವರು ಹಾಕಿದ್ದು 20ಡಬ್ಲ್ಯೂ40 ಎಂಜಿನ್ ಆಯಿಲ್.

ಎಂಜಿನ್ ಆಯಿಲ್‌ನಲ್ಲಿ ಡಿಟರ್ಜೆಂಟ್ ಇರುತ್ತದೆ, ಕೊಳೆಯನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳಲಿ ಅಂತ. ಕಂಪ್ರೆಸರ್‌ನಲ್ಲಿ ಗಾಳಿಯ ಜೊತೆ ನೀರಿನಂಶ ಬಂದೇ ಬರುತ್ತದೆ, ಸರಿಯಾದ ಆಯಿಲ್ ಆದರೆ ಆ ನೀರು ಬೇರೆಯಾಗಿ ತಳಕ್ಕೆ ಇಳಿಯುತ್ತದೆ, ಇದರಲ್ಲಿ ಕಲೆಸಿಕೊಂಡುಬಿಡುತ್ತದೆ. ಕೆಲವೇ ವಾರದಲ್ಲಿ, ಆಯಿಲ್ ಮಟ್ಟ ನೋಡುವ ಸೈಟ್ ಗ್ಲಾಸ್‌ನಲ್ಲಿ ಆಯಿಲ್ ಹಾಲು ಜಾಸ್ತಿಯಾದ ಟೀ ತರ ಕಾಣುತ್ತಿತ್ತು. ಮೇಲೆ ನೊರೆ ಬೇರೆ.

ಟೆಂಪರೇಚರ್ ಮೊದಲು 82 ಡಿಗ್ರಿ ಆಸುಪಾಸು ಇರುತ್ತಿತ್ತು. 90 ಆಯ್ತು, 97 ಆಯ್ತು. ಬಿಸಿಲು ಜಾಸ್ತಿ ಅಲ್ವಾ ಅಂದುಕೊಂಡು ಕೂಲರ್ ಕ್ಲೀನ್ ಮಾಡಿಸಿದೆ ಅಷ್ಟೇ. ಆಮೇಲೆ 110ಕ್ಕೆ ಟ್ರಿಪ್, ಅಂದರೆ ಮಷೀನ್ ತಾನಾಗೇ ಆಫ್ ಆಯ್ತು. ಡೆಲಿವರಿ ಇತ್ತು, ರಿಸೆಟ್ ಮಾಡಿ ಓಡಿಸಿ ಅಂತ ಹುಡುಗರಿಗೆ ಹೇಳಿದವನು ನಾನೇ. ದಯವಿಟ್ಟು ಈ ತಪ್ಪು ಮಾಡಬೇಡಿ, ಆ ಟ್ರಿಪ್ ಇಟ್ಟಿರುವುದೇ ಮಷೀನ್ ಉಳಿಸುವುದಕ್ಕೆ. ನಾಲ್ಕನೇ ಸಲ ಕಿರ್ರ್ ಅಂತ ಸದ್ದು ಬಂದು ನಿಂತಿತು. ಬೆಲ್ಟ್ ಬಿಚ್ಚಿ ಏರ್ ಎಂಡ್ ಪುಲ್ಲಿ ಕೈಯಲ್ಲಿ ತಿರುಗಿಸಿದರೆ ಅಲ್ಲಾಡಲೇ ಇಲ್ಲ.

ಬಿಚ್ಚಿ ನೋಡಿದಾಗ ರೋಟರ್ ಮೇಲೆ ಕಂದು ಬಣ್ಣದ ಪದರ, ಬೆಲ್ಲದ ಪಾಕ ಒಣಗಿ ಅಂಟಿದ ಹಾಗೆ. ಉಗುರಿನಲ್ಲಿ ಕೆರೆದರೂ ಏಳಲಿಲ್ಲ. ಬೇರಿಂಗ್ ಕಾದು ನೀಲಿ ತಿರುಗಿತ್ತು, ಗಾಳಿಯಿಂದ ಆಯಿಲ್ ಬೇರೆ ಮಾಡುವ ಸೆಪರೇಟರ್ ಪೂರ್ತಿ ಕಟ್ಟಿಕೊಂಡಿತ್ತು. ಬಿಲ್ 1 ಲಕ್ಷ 60 ಸಾವಿರ. ಆಯಿಲ್‌ನಲ್ಲಿ ಉಳಿಸಿದ್ದು 3 ಸಾವಿರವೂ ಇಲ್ಲ.

ನಿಮ್ಮ ಮ್ಯಾನುಯಲ್‌ನಲ್ಲಿ ಯಾವ ಆಯಿಲ್ ಬರೆದಿದೆಯೋ ಅದನ್ನೇ ಹಾಕಿಸಿ. ಸ್ಕ್ರೂಗೆ ಹೆಚ್ಚಾಗಿ ವಿಜಿ 46 (ವಿಜಿ ಅಂದರೆ ಆಯಿಲ್ ಎಷ್ಟು ಮಂದ ಅನ್ನುವ ಗ್ರೇಡ್) ಇರುತ್ತದೆ, ಪಿಸ್ಟನ್ ಕಂಪ್ರೆಸರ್‌ಗೆ ಸಾಮಾನ್ಯವಾಗಿ ವಿಜಿ 100, ಒಂದರದ್ದು ಇನ್ನೊಂದಕ್ಕೆ ಬೇಡ. ಡಬ್ಬಿ ಸೀಲ್ ನಿಮ್ಮ ಕಣ್ಣೆದುರೇ ಒಡೆಸಿ. ಮಿನರಲ್ ಆಯಿಲ್ ಆದರೆ ಸುಮಾರು 2000 ಗಂಟೆಗೆ ಬದಲಿಸಬೇಕು, ಧೂಳು ಇರುವ ಕಡೆ ಇನ್ನೂ ಬೇಗ. ನಾವೀಗ ದಿನಾ ಮಧ್ಯಾಹ್ನ, ಲೋಡ್ ಇರುವಾಗ, ಟೆಂಪರೇಚರ್ ಪುಸ್ತಕದಲ್ಲಿ ಬರೆಯುತ್ತೇವೆ. ಏರುತ್ತಾ ಹೋದರೆ ಅವತ್ತೇ ನಿಲ್ಲಿಸಿ ನೋಡುತ್ತೇವೆ. 70ಕ್ಕಿಂತ ಕೆಳಗೇ ಓಡುತ್ತಿದ್ದರೂ ಒಳ್ಳೆಯದಲ್ಲ, ನೀರು ಆವಿಯಾಗದೆ ಆಯಿಲ್‌ನಲ್ಲೇ ಉಳಿಯುತ್ತದೆ.

ಈಗಾಗಲೇ ಎಂಜಿನ್ ಆಯಿಲ್ ಹಾಕಿಸಿದ್ದರೆ ಅದರ ಮೇಲೇ ಸರಿಯಾದದ್ದನ್ನು ಸುರಿಯಬೇಡಿ. ಮಷೀನ್ ಆಫ್ ಮಾಡಿ, ಗೇಜ್ ಸೊನ್ನೆಗೆ ಬರುವವರೆಗೆ ಆಯಿಲ್ ಕ್ಯಾಪ್ ಮುಟ್ಟಲೇಬೇಡಿ, ಪ್ರೆಶರ್ ಇದ್ದರೆ ಕಾದ ಆಯಿಲ್ ಮುಖಕ್ಕೇ ಹಾರುತ್ತದೆ. ಬೆಚ್ಚಗಿರುವಾಗಲೇ ಪೂರ್ತಿ ಇಳಿಸಿ, ಕೂಲರ್ ಮತ್ತು ಪೈಪ್‌ನಲ್ಲಿ ಉಳಿದದ್ದೂ ಸೇರಿ. ಫ್ಲಷ್ ಮಾಡಿಸಿ, ಆಯಿಲ್ ಫಿಲ್ಟರ್, ಸೆಪರೇಟರ್ ಎರಡನ್ನೂ ಬದಲಿಸಿ. ನಮ್ಮ ಪಕ್ಕದ ಶೆಡ್‌ಗೂ ಅದೇ ಮನುಷ್ಯ ಅದೇ ಆಯಿಲ್ ಹಾಕಿದ್ದರು. ನಮ್ಮದು ಕೂತ ದಿನವೇ ಓಡಿಹೋಗಿ ಹೇಳಿದೆ, ಅವರು ಇದಿಷ್ಟನ್ನೂ ಮಾಡಿಸಿದರು. ಅವರದು ಈಗಲೂ 83 ಡಿಗ್ರಿಯಲ್ಲಿ ಓಡುತ್ತಿದೆ.